ಕಾರು ಮೂರು ಲಕ್ಷದ್ದು, ಖರ್ಚು ಮೂವತ್ತು ಲಕ್ಷದ್ದು!
ಸಾಲಗಾಮೆ ಸೀಮೆಗೆ ಹಳೇ ಸ್ಪೋರ್ಟ್ಸ್ ಕಾರು ತರುವ ಮುನ್ನ

ಶುಂಠಿಗೆ ರೇಟು ಬಂದ ವರ್ಷ ಸಾಲಗಾಮೆ ಹೋಬಳಿಯ ಮನೆಗಳಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಅಪ್ಪನದು ಟ್ರ್ಯಾಕ್ಟರ್ ಪಕ್ಷ, ಮಗನದು ಕಾರಿನ ಪಕ್ಷ. ಅದೂ ಎಂಥ ಕಾರು? ಅಜ್ಜಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿಬರುವ ಕಾರಲ್ಲ. ಕಾಲಿಟ್ಟರೆ ಚಿಮ್ಮಬೇಕು, ಸದ್ದು ಕೇಳಿ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ಗೇಟಿನಲ್ಲಿ ನಿಂತವರೆಲ್ಲ ತಿರುಗಿ ನೋಡಬೇಕು. ಹೊಸದಕ್ಕೆ ದುಡ್ಡಿಲ್ಲ, ಹಳೇದು ಬೆಂಗಳೂರಿನಲ್ಲಿ ಸಿಕ್ಕೀತು. ಮೂರು ಲಕ್ಷ ಎಣಿಸಿದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಅಲ್ಲಿಂದಲೇ ಶುರು.

ಈ ಆಸೆ ನಿನ್ನೆ ಮೊನ್ನೆಯದಲ್ಲ. ಬಡವರ ಸ್ಪೋರ್ಟ್ಸ್ ಕಾರು ಎನ್ನುವುದನ್ನು ನಮ್ಮ ಬೆಂಗಳೂರೇ ಎರಡು ಸಲ ಮಾಡಿ ನೋಡಿದೆ. 1982ರಲ್ಲಿ ಬಂದ ಸಿಪಾನಿಯವರ ಡಾಲ್ಫಿನ್ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಪಡಿಯಚ್ಚು. 848 ಸಿ.ಸಿ. ಇಂಜಿನ್ನು, ಫೈಬರ್ ಗ್ಲಾಸ್ ಮೈ. ಹಗುರ ಗಾಡಿಯಾದ್ದರಿಂದ ರ್‍ಯಾಲಿ ಓಡಿಸುವವರು ಅದನ್ನು ಮೆಚ್ಚಿದರು. ಸಂಸಾರಸ್ಥರು ಮಾರುತಿ ಬಂದೊಡನೆ ಅತ್ತ ಹೋದರು. ಆಮೇಲೆ 1998ರಲ್ಲಿ ಬಂದದ್ದು ಸ್ಯಾನ್ ಮೋಟಾರ್ಸಿನ ಸ್ಟಾರ್ಮ್: ಎರಡೇ ಸೀಟು, ತೆರೆದ ಮಾಡು, ರೆನೋ ಕಂಪನಿಯ 1149 ಸಿ.ಸಿ. ಇಂಜಿನ್ನು, ಅರವತ್ತು ಕುದುರೆ ಶಕ್ತಿ. ಇದಕ್ಕೂ ಫೈಬರ್ ಮೈಯೇ. ಎರಡೂ ಈಗ ತಯಾರಾಗುತ್ತಿಲ್ಲ. ಎಲ್ಲಾದರೂ ಒಂದು ಸಿಕ್ಕರೆ ನೋಡಲು ಚೆಂದ. ಆದರೆ ಮುಂದಿನ ಗಾಜು ಒಡೆದರೆ ಯಾವ ಅಂಗಡಿಗೆ ಹೋಗುತ್ತೀರಿ?

ನಿಂತುಹೋದ ಗಾಡಿಯ ನಂಟು

ಇವತ್ತಿನ ಹುಡುಗರ ಕಣ್ಣು ಬೇರೆ ಕಡೆ ಇದೆ. ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ., 2015ರಲ್ಲಿ ಬಂದ 145 ಕುದುರೆಯ ಫಿಯೆಟ್ ಅಬಾರ್ತ್ ಪುಂಟೋ, 2017ರ ಬಲೆನೋ ಆರ್.ಎಸ್. ಹೊರಗಿನಿಂದ ಸಂಸಾರದ ಕಾರು, ಒಳಗೆ ಓಟದ ಕಾರು. ಬಲೆನೋ ಆರ್.ಎಸ್. 2020ರಲ್ಲಿ ನಿಂತಿತು, ಪೋಲೋ 2022ರಲ್ಲಿ. ಫಿಯೆಟ್ ಕಾರುಗಳ ಮಾರಾಟ ಅದಕ್ಕೂ ಮೊದಲೇ ನಿಂತಿತ್ತು. ಮಾಮೂಲಿ ಮಾರುತಿಯ ಬ್ರೇಕ್ ಪ್ಯಾಡು ಹಾಸನದ ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ. ಟರ್ಬೋ ಹೋದರೆ, ಆಟೋಮ್ಯಾಟಿಕ್ ಗೇರ್ ಬಾಕ್ಸಿನ ತಲೆ ಕೆಟ್ಟರೆ, ಬೆಂಗಳೂರಿಗೆ ಎಳೆದುಕೊಂಡೇ ಹೋಗಬೇಕು. ಎಳೆಯುವ ಬಾಡಿಗೆಯೂ ನಿಮ್ಮದೇ.

ಇದಕ್ಕೇ ಬಲ್ಲವರು ಹೇಳುವುದು: ಮೂರು ಲಕ್ಷ ಇದ್ದರೆ ಎರಡು ಲಕ್ಷದ ಕಾರು ನೋಡಿ, ಇನ್ನೊಂದನ್ನು ಮುಟ್ಟದೆ ಇಡಿ. ಟೈರು, ಬೆಲ್ಟು, ಕ್ಲಚ್ಚು, ಇನ್ಷೂರೆನ್ಸು ಮೊದಲ ವರ್ಷದಲ್ಲೇ ಅದನ್ನು ಕೇಳುತ್ತವೆ. ಇರುವುದನ್ನೆಲ್ಲ ಕಾರಿಗೇ ಸುರಿದವನು ಆರು ತಿಂಗಳಿಗೆ ಅದನ್ನು ಕೊಟ್ಟಿಗೆಯ ಪಕ್ಕ ನಿಲ್ಲಿಸಿ, ಮತ್ತೆ ಸಾಲಗಾಮೆ ಬಸ್ಸಿಗೆ ಕೈ ಒಡ್ಡಬೇಕಾಗುತ್ತದೆ.

ಎತ್ತಿನ ಹಲ್ಲು ನೋಡಿದಂತೆ

ಬೂಕನಬೆಟ್ಟದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಕೊಂಬಿಗೆ ಹಚ್ಚಿದ ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದೇ ರೈತನ ಮಗ ಕಾರಿನ ಪಾಲಿಶ್ ನೋಡಿ ಅಡ್ವಾನ್ಸ್ ಕೊಟ್ಟು ಬರುತ್ತಾನೆ!

ಕಾರಿಗೂ ಹಲ್ಲುಂಟು. ಬೆಳಿಗ್ಗೆ ತಣ್ಣಗಿರುವಾಗಲೇ ಹೋಗಿ, ಬಾನೆಟ್ ಮುಟ್ಟಿ ನೋಡಿ. ಮೊದಲೇ ಬಿಸಿಯಾಗಿದ್ದರೆ ಯಾಕೆ ಎಂದು ಕೇಳಿ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಇಂಜಿನ್ನು ಆಯಿಲ್ ಕುಡಿಯುತ್ತಿದೆ ಎಂದರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದ ಟೈರು. ಮೀಟರು ಇಪ್ಪತ್ತು ಸಾವಿರ ಕಿಲೋಮೀಟರು ತೋರಿಸುತ್ತಿದ್ದು, ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ಸುಳ್ಳು ಹೇಳುತ್ತಿರುವುದು ಪೆಡಲಲ್ಲ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ಮುಗ್ಗಲು ವಾಸನೆ, ಸೀಟಿನಡಿಯ ಬೋಲ್ಟಿಗೆ ತುಕ್ಕು ಎರಡೂ ಇದ್ದರೆ ಬೆಂಗಳೂರಿನ ಯಾವುದೋ ನೆಲಮಾಳಿಗೆಯಲ್ಲಿ ಆ ಗಾಡಿ ನೀರು ಕುಡಿದಿರಬಹುದು. ಅಗ್ಗ ಸೂರೆ ಅಂತ ಮುಗ್ಗಿದ ಜೋಳ ತಂದ ಹಾಗಾಗಬಾರದು.

ಒಂದು ಮಾತು ಊರಿನ ರಸ್ತೆಗೆ ಸಂಬಂಧಿಸಿದ್ದು. ಇಂಥ ಗಾಡಿಗಳ ಹೊಟ್ಟೆ ನೆಲಕ್ಕೆ ಹತ್ತಿರ. ಹಿಂದಿನ ಮಾಲೀಕ ಸ್ಪ್ರಿಂಗ್ ಕತ್ತರಿಸಿ ಇನ್ನಷ್ಟು ತಗ್ಗಿಸಿದ್ದರಂತೂ ಊರಿಗೊಂದು ಹಂಪು ದಾಟುವಷ್ಟರಲ್ಲಿ ಆಯಿಲ್ ಚೇಂಬರ್ ಗತಿ ಕಂಡಂತೆಯೇ.

ದೆಹಲಿ ಗಾಡಿ, ಕರ್ನಾಟಕದ ತೆರಿಗೆ

ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲ್ ಗಾಡಿ ದೆಹಲಿಯಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲೂ ಸುಪ್ರೀಂ ಕೋರ್ಟು 2018ರಲ್ಲೂ ಹೇಳಿದ ಮೇಲೆ ಅಲ್ಲಿನ ಭಾರಿ ಕಾರುಗಳು ದಕ್ಷಿಣಕ್ಕೆ ಅಗ್ಗವಾಗಿ ಹರಿದುಬಂದವು. ಹುಡುಗರು ಬೀಳುವ ಹಳ್ಳ ಇದೇ. ಹೊರರಾಜ್ಯದ ಗಾಡಿ ಹನ್ನೆರಡು ತಿಂಗಳು ಮೀರಿ ಇಲ್ಲಿ ಉಳಿದರೆ ಇಲ್ಲಿನ ನಂಬರು ಪಡೆಯಬೇಕು. ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಇಲ್ಲದೆ ಹಾಸನದ ಕೆ.ಎ. 13 ಬರುವುದಿಲ್ಲ. ಮೇಲೆ ಕರ್ನಾಟಕದ ಆಜೀವ ತೆರಿಗೆ. ವಯಸ್ಸು ನೋಡಿ ಕಡಿತವೇನೋ ಉಂಟು. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಮೂರು ಲಕ್ಷದಿಂದಲ್ಲ, ಆ ಗಾಡಿ ಹೊಸದಾಗಿದ್ದಾಗಿನ ಮೂವತ್ತು ಲಕ್ಷದಿಂದ! ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕವೂ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಆಯಿತು.

ಗುಡುಗುವ ಸೈಲೆನ್ಸರ್, ಬದಲಾಯಿಸಿದ ಇಂಜಿನ್ನು ಕಂಡು ಹಿಗ್ಗಬೇಡಿ. ಕಂಪನಿ ಮಾಡಿಕೊಟ್ಟ ರೂಪ ಬಿಟ್ಟು ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಹಿಂದಿನವನು ಹಾಕಿಸಿದ್ದಕ್ಕೆ ಪೊಲೀಸರು ಹಿಡಿಯುವುದು ಈಗ ಓಡಿಸುತ್ತಿರುವವನನ್ನು.

ಮಾರಿದವನ ಕೊರಳಿಗೆ

ಕೊಳ್ಳುವವನಿಗೆ ಇಷ್ಟು ಕಷ್ಟವಾದರೆ ಮಾರುವವನು ಆರಾಮವೇ? ಅಲ್ಲ. ಉತ್ತರ ಭಾರತದ ಒಂದು ಪ್ರಕರಣದಲ್ಲಿ 2007ರಲ್ಲಿ ಮಾರಿದ ಮಾರುತಿ ಕಾರು ಕೈಯಿಂದ ಕೈಗೆ ಹೋಯಿತು, ಆರ್.ಸಿ. ಪುಸ್ತಕದ ಹೆಸರು ಮಾತ್ರ ಬದಲಾಗಲಿಲ್ಲ. 2009ರಲ್ಲಿ ಅಪಘಾತ. ಇನ್ಷೂರೆನ್ಸ್ ಇರಲಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಒಂದೇ ಮಾತು: ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ. ಮಾರಿ ಮರೆತಿದ್ದವನಿಗೆ ಬಂದ ಗತಿ ಇದು.

ಅಂಗಡಿಯ ಹಳೇ ವ್ಯಾನು ಮಾರಿದ ವರ್ತಕರಿಗೂ, ಸ್ಕೂಟರ್ ಕೊಟ್ಟ ಗುಮಾಸ್ತರಿಗೂ ಇದೇ ಕಾನೂನು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟರೆ ಸಾಲದು. ಇದೇ ರಾಜ್ಯದೊಳಗಾದರೆ ಮಾರಿದವರು ಹದಿನಾಲ್ಕು ದಿನದೊಳಗೆ, ಕೊಂಡವರು ಮೂವತ್ತು ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಪುಸ್ತಕದಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ, ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬಾರದು. ಇನ್ಷೂರೆನ್ಸನ್ನೂ ಹದಿನಾಲ್ಕು ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು. ಕ್ಲೈಮ್ ಇಲ್ಲದ ವರ್ಷಗಳ ರಿಯಾಯಿತಿ ಹಳೇ ಮಾಲೀಕನದು, ಕಾರಿನ ಜೊತೆ ಬರುವುದಿಲ್ಲ. ನಡುವೆ ವ್ಯಾಪಾರಿ ಇದ್ದರೆ ಅವನ ಅಧಿಕಾರ ಪತ್ರ ಕೇಳಿ. 2023ರ ಏಪ್ರಿಲ್‌ನಿಂದ ಅದು ಕಡ್ಡಾಯ.

ಆಸೆ ಬೇಡವೆಂದು ಯಾರೂ ಹೇಳುವುದಿಲ್ಲ. ವಯಸ್ಸಿಗೆ ಬಂದ ಹುಡುಗ ವೇಗ ಬೇಡ ಎಂದಾನೆಯೇ? ಊರ ಮೆಕ್ಯಾನಿಕ್ಕು ಬಿಚ್ಚಿ ಜೋಡಿಸಬಲ್ಲ, ಬಿಡಿಭಾಗ ಹಾಸನದಲ್ಲೇ ಸಿಗುವ, ಪುಸ್ತಕ ಶುದ್ಧವಾಗಿರುವ ಚಿಕ್ಕ ಗಾಡಿಯೊಂದನ್ನು ನೋಡಿಕೊಳ್ಳಲಿ. ನೂರೈವತ್ತು ಕುದುರೆ ಕೊಟ್ಟಿಗೆಯಲ್ಲಿ ಕಟ್ಟಿಹಾಕಿಕೊಳ್ಳುವುದಕ್ಕಿಂತ ಎಂಬತ್ತು ಕುದುರೆ ರಸ್ತೆಯ ಮೇಲೆ ಓಡುವುದು ಮೇಲು. ಹುರುಳೀಕಾಳಿನ ಖರ್ಚನ್ನಂತೂ ಮೊದಲೇ ಕೂಡಿಸಿಟ್ಟುಕೊಳ್ಳಲಿ.