ನೆತ್ತಿಯ ಮಣ್ಣು ಬೇರೆ, ಬೈಲಿನ ಮಣ್ಣು ಬೇರೆ



ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಈ ನೀರು ಮಣ್ಣಿನಲ್ಲಿರುವ ಸುಣ್ಣ, ಪೊಟ್ಯಾಷ್‌ಗಳನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂಗಳನ್ನು ಉಳಿಸುತ್ತದೆ. ಆದ್ದರಿಂದಲೇ ನಮ್ಮ ಮಣ್ಣು ಕೆಂಪು; ಅದರ ಗುಣ ಹುಳಿ.

ಆದರೆ ನೆಲದ ಏರುತಗ್ಗಿನಂತೆ ಮಣ್ಣೂ ಬದಲಾಗುತ್ತದೆ. ಗುಡ್ಡದ ನೆತ್ತಿಯಲ್ಲಿ ಹಲವೆಡೆ ಜಂಬಿಟ್ಟಿಗೆಯ ಗಟ್ಟಿ ಹಾಸು, ಮೇಲ್ಮಣ್ಣು ತೆಳು. ಇಳಿಜಾರಿನಲ್ಲಿ ಹರಳು ಬೆರೆತ ಕೆಂಪು ಮಣ್ಣು. ಮರಗಿಡಗಳ ಬೇರೇ ಅದಕ್ಕೆ ಕಟ್ಟು. ಬೈಲಿನಲ್ಲಿ ಮೇಲಿನಿಂದ ಇಳಿದ ನಯಮಣ್ಣು; ನೀರು ನಿಂತಲ್ಲಿ ಅದು ಬೂದುಬಣ್ಣಕ್ಕೆ ತಿರುಗುತ್ತದೆ.

ಸಮೀಕ್ಷೆಯವರು ನೆಲದ ರೂಪವನ್ನು ಮೊದಲು ಗುರುತಿಸಿ, ಬಳಿಕ ಗುಂಡಿ ತೋಡಿ, ಪದರಗಳ ಆಳ, ಬಣ್ಣ, ಹರಳು ನೋಡಿ ಮಣ್ಣಿನ ನಕ್ಷೆ ಬರೆಯುತ್ತಾರೆ. 1976ರಲ್ಲಿ ಆರಂಭವಾದ ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯ ಕೆಲಸವೂ ಇದೇ.

ನೀವೂ ನಿಮ್ಮ ಜಮೀನನ್ನು ನೆತ್ತಿ, ಇಳಿಜಾರು, ಬೈಲು ಎಂದು ಮೂರಾಗಿ ವಿಂಗಡಿಸಿರಿ. ಪರೀಕ್ಷೆಗೆ ಮಣ್ಣು ಕಳಿಸುವಾಗ ಇವನ್ನು ಒಂದೇ ಚೀಲಕ್ಕೆ ಬೆರೆಸಬೇಡಿರಿ. ಬೆರೆಸಿದರೆ ಬರುವ ಫಲಿತಾಂಶ ಯಾವ ತಾಕಿಗೂ ಹೊಂದದು. ಸುಣ್ಣಕ್ಕೆ ಹಾಕಿದ ಹಣ ದಂಡ.

ಇನ್ನೊಂದು ಮಾತು. ಇಳಿಜಾರನ್ನು ಬೋಳು ಮಾಡಬೇಡಿರಿ. ಅಲ್ಲಿಯ ಹರಳುಮಣ್ಣು ಜಾರಿದರೆ ಕೆಳಗಿನ ಗದ್ದೆ ಮುಚ್ಚುತ್ತದೆ, ನಯಮಣ್ಣು ಮಾಲತಿ, ತುಂಗೆಯರ ಪಾಲಾಗುತ್ತದೆ. ಹೋದ ಮಣ್ಣು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮರಳದು.