ಮಹಮೂದ ಗವಾನನ ಏಳ್ಗೆಯೂ ಪತನವೂ

ಇಂಗ್ಲಂಡದ ಇತಿಹಾಸವನ್ನು ಓದಿದವರಿಗೆ ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಮ್ವೆಲನ ಸಂಗತಿಯು ತಿಳಿದಿರುವದು. ಸಾಮಾನ್ಯರ ಮನೆಯಲ್ಲಿ ಹುಟ್ಟಿ, ಅರಸನ ಬಲಗೈಯಾಗಿ ರಾಜ್ಯವನ್ನು ನಡಿಸಿದ ಅವನು 1540ರಲ್ಲಿ ಅದೇ ಅರಸನ ಆಜ್ಞೆಯಿಂದ ಶಿರಚ್ಛೇದಕ್ಕೆ ಗುರಿಯಾದನು. ಇಂಥದೇ ಚರಿತ್ರವು ಅದಕ್ಕೆ ಸುಮಾರು ಅರುವತ್ತು ವರುಷ ಮುಂಚೆ ನಮ್ಮ ಕನ್ನಡ ನಾಡಿನ ಬೀದರದಲ್ಲಿ ನಡೆಯಿತು. ಅದರಲ್ಲಿ ನಮ್ಮ ಬೆಳಗಾವಿ ಸೀಮೆಗೂ ಪಾಲುಂಟು.

ಮಹಮೂದ ಗವಾನನು ಇರಾಣದ ಗೀಲಾನ ಪ್ರಾಂತದವನು. 1453ರ ಸುಮಾರಿಗೆ ವ್ಯಾಪಾರಕ್ಕಾಗಿ ಬೀದರಕ್ಕೆ ಬಂದ ಈ ವಿದ್ವಾಂಸನನ್ನು ಬಹಮನಿ ಸುಲ್ತಾನನು ತನ್ನ ಸೇವೆಯಲ್ಲಿ ಇಟ್ಟುಕೊಂಡನು. 1461ರಲ್ಲಿ ಸಿಂಹಾಸನವು ಎಳೆಯ ಬಾಲಕನಿಗೆ ಬರಲು, ರಾಜಮಾತೆಯು ಗವಾನನನ್ನೂ ಇನ್ನೊಬ್ಬ ಸರದಾರನನ್ನೂ ಜೊತೆಗಿಟ್ಟುಕೊಂಡು ಜಾಣತನದಿಂದ ರಾಜ್ಯಭಾರ ಮಾಡಿದಳು. 1466ರಲ್ಲಿ, ಮೂರನೆಯ ಮಹಮ್ಮದನ ಕಾಲದಲ್ಲಿ, ಗವಾನನು ಮುಖ್ಯ ಪ್ರಧಾನನಾದನು.

ಅವನು 1472ರಲ್ಲಿ ಗೋವೆಯನ್ನು ಗೆದ್ದನು. ಮರುವರುಷ ಸುಲ್ತಾನನೊಡನೆ ಬೆಳಗಾವಿಗೆ ಮುತ್ತಿಗೆ ಹಾಕಿದನು. ಬೈಲಹೊಂಗಲ ಸವದತ್ತಿಗಳಿಂದ ಬೆಳಗಾವಿಗೆ ಹೋಗಿಬರುವವರು ಅಲ್ಲಿಯ ಕೋಟೆಯ ಅಗಲವಾದ ಕಂದಕವನ್ನು ನೋಡಿಯೇ ಇರುವರು. ಆ ಕೋಟೆಯ ಗೋಡೆಗಳ ಕೆಳಗೆ ಸುರಂಗ ತೋಡಿ, ಮದ್ದು ತುಂಬಿ ಸಿಡಿಸಿದರೆಂದು ಇತಿಹಾಸಕಾರರು ಬರೆದಿರುವರು. ಬೆಳಗಾವಿಯು ಗವಾನನ ಜಹಗೀರಿಗೆ ಸೇರಿತು.

ಆದರೆ ಅವನ ನಿಜವಾದ ಹಿರಿಮೆಯು ರಾಜ್ಯವ್ಯವಸ್ಥೆಯಲ್ಲಿರುವದು. ನಾಲ್ಕು ದೊಡ್ಡ ಪ್ರಾಂತಗಳನ್ನು ಅವನು ಎಂಟಾಗಿ ಒಡೆದನು. ಪ್ರಾಂತಾಧಿಪತಿಗೆ ಒಂದೇ ಕೋಟೆಯನ್ನು ಬಿಟ್ಟು, ಉಳಿದವುಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸುವಂತೆ ಮಾಡಿದನು. ಭೂಮಿಯನ್ನು ಅಳೆಯಿಸಿದನು. ಬೀದರದಲ್ಲಿ ಮೂರಂತಸ್ತಿನ ದೊಡ್ಡ ವಿದ್ಯಾಲಯವನ್ನು ಕಟ್ಟಿಸಿದನು. ಅರಸನ ಬಲವು ಹೆಚ್ಚಿತು. ಅದರೊಡನೆ ಅಧಿಕಾರ ಕಳಕೊಂಡ ಸರದಾರರ ಹಗೆಯೂ ಹೆಚ್ಚಿತು. ದಖನಿಗಳಿಗೂ ಪರದೇಶಿಗಳಿಗೂ ಮೊದಲೇ ಇದ್ದ ವೈರವು ಆ ಬೆಂಕಿಗೆ ಗಾಳಿಯಾಯಿತು.

ವೈರಿಗಳು ಗವಾನನ ಮುದ್ರೆಯನ್ನು ಕಾಯುವ ಸೇವಕನನ್ನು ಒಲಿಸಿಕೊಂಡು, ಬರಿದಾದ ಕಾಗದಕ್ಕೆ ಮುದ್ರೆ ಹಾಕಿಸಿದರು. ಓಢ್ರದ ಅರಸನನ್ನು ದಂಡೆತ್ತಿ ಬರಲು ಕರೆಯುವ ಮಾತುಗಳನ್ನು ಅದರಲ್ಲಿ ಬರೆದು ಸುಲ್ತಾನನಿಗೆ ತೋರಿಸಿದರು. ಗೆಳೆಯರು ಹೋಗಬೇಡೆಂದರೂ ಗವಾನನು ಅರಸನ ಕರೆಗೆ ಓಗೊಟ್ಟು ಹೋದನು. “ಮುದ್ರೆಯು ನನ್ನದು, ಬರಹವು ನನ್ನದಲ್ಲ” ಎಂಬ ಅವನ ಉತ್ತರವನ್ನು ಯಾರೂ ವಿಚಾರಿಸಲಿಲ್ಲ. 1481ನೆಯ ಏಪ್ರಿಲ್ 5ರಂದು, ಸುಮಾರು ಎಪ್ಪತ್ತು ವರುಷದ ಆ ವೃದ್ಧನ ತಲೆಯು ಉರುಳಿತು.

ಅವನ ಭಂಡಾರವನ್ನು ಶೋಧಿಸಿದಾಗ ಸ್ವಂತದ ಹಣವು ಅಲ್ಪವಾಗಿತ್ತು; ಮಿಕ್ಕುದು ಬಡವರಿಗೂ ವಿದ್ಯೆಗೂ ಸಂದಿತ್ತು. ಸುಲ್ತಾನನು ಪಶ್ಚಾತ್ತಾಪಪಟ್ಟನು, ಮರುವರುಷ ತೀರಿಕೊಂಡನು. ಹೆನ್ರಿಯೂ ಕ್ರಾಮ್ವೆಲನಿಗಾಗಿ ತಡವಾಗಿಯೇ ಮರುಗಿದನು. ಹೆನ್ರಿಯ ರಾಜ್ಯವೇನೋ ಉಳಿಯಿತು. ಬಹಮನಿ ರಾಜ್ಯವು ಮಾತ್ರ ಕೆಲವು ದಶಕಗಳಲ್ಲಿಯೇ ವಿಜಾಪುರ, ಅಹಮದನಗರ, ವರ್ಹಾಡ, ಗೋಳಕೊಂಡ, ಬೀದರ ಎಂದು ಐದು ಹೋಳಾಯಿತು.

ಅರಸನೊಬ್ಬನ ನಂಬಿಗೆಯ ಮೇಲೆ ನಿಂತ ಅಧಿಕಾರವು ಒಂದು ಕಾಗದದಿಂದ ಕೆಡುವದು. ಎರಡೂ ಕಡೆಯ ಮಾತು ಕೇಳದೆ ಕೊಟ್ಟ ತೀರ್ಪು ರಾಜ್ಯವನ್ನೂ ಕೆಡಿಸುವದು. ಗವಾನನ ವಿದ್ಯಾಲಯವು ಮೊಗಲರ ಕಾಲದಲ್ಲಿ ಮದ್ದು ಸಿಡಿದು ಅರ್ಧ ಹಾಳಾದರೂ ಬೀದರದಲ್ಲಿ ಇನ್ನೂ ನಿಂತಿದೆ. ಅವನು ಗೆದ್ದ ಕೋಟೆಗಳು ಕೈಯಿಂದ ಕೈಗೆ ಹೋದವು. ಅವನ ಹೆಸರನ್ನು ಉಳಿಸಿದ್ದು ಆ ಶಾಲೆಯೇ.