ಮಾರತ್ತಹಳ್ಳಿಯ ಕಂಪೆನಿಗಳೂ ಮಹಾಜನರ ಹಣವೂ

ಮಾರತ್ತಹಳ್ಳಿಯ ಸೇತುವೆಯಿಂದ ದಕ್ಷಿಣಕ್ಕೆ ಹೊರವರ್ತುಲ ರಸ್ತೆಯಲ್ಲಿ ಒಂದು ಹರದಾರಿ ನಡೆದರೆ, ನಡೆಯಲು ಎಡೆ ದೊರೆತರೆ, ಕಾಡುಬೀಸನಹಳ್ಳಿ, ದೇವರಬೀಸನಹಳ್ಳಿಗಳು ಸಿಕ್ಕುವುವು. ಹಳ್ಳಿಯೆಂಬುದು ಈಗ ಹೆಸರಿನಲ್ಲಿ ಮಾತ್ರ ಉಳಿದಿದೆ. ಮನೆಮನೆಗೆ ಊಟ ತಲುಪಿಸುವ ಸ್ವಿಗ್ಗಿ ಕಂಪೆನಿಯು ದೇವರಬೀಸನಹಳ್ಳಿಯಿಂದ 2024ರ ನವೆಂಬರಿನಲ್ಲಿಯೂ, ಅಗ್ಗದ ಸರಕಿನ ಮೀಶೋ ಕಂಪೆನಿಯು ಕಾಡುಬೀಸನಹಳ್ಳಿಯಿಂದ 2025ರ ಡಿಸೆಂಬರಿನಲ್ಲಿಯೂ ತಮ್ಮ ಶೇರುಗಳನ್ನು ಮಹಾಜನರ ಮುಂದಿಟ್ಟವು.

ಖಾಸಗಿ ಹಣದಿಂದ ಬೆಳೆದ ಕಂಪೆನಿಯು ಸಾರ್ವಜನಿಕ ಪೇಟೆಗೆ ಇಳಿಯುವ ಮೊದಲು ನಡೆಸಬೇಕಾದ ಸಿದ್ಧತೆಯು ಸಾಮಾನ್ಯವಾದುದಲ್ಲ. 'ಪ್ರೈವೇಟ್' ಎಂಬ ಬಿರುದನ್ನು ಕಳಚಬೇಕು. ಸ್ವತಂತ್ರ ನಿರ್ದೇಶಕರನ್ನು ನೇಮಿಸಿಕೊಳ್ಳಬೇಕು. ಮೂರು ವರ್ಷಗಳ ಲೆಕ್ಕವನ್ನು ಒಂದೇ ಕ್ರಮಕ್ಕೆ ತಂದು ಪರಿಶೋಧಕರಿಂದ ದೃಢಪಡಿಸಬೇಕು. ಮೊದಲು ಹಣ ಹಾಕಿದವರ ವಿಶೇಷ ಹಕ್ಕಿನ ಶೇರುಗಳನ್ನು ಸಾಧಾರಣ ಶೇರುಗಳಾಗಿ ಮಾರ್ಪಡಿಸಬೇಕು. ಮೀಶೋ ಅಂತೂ ತನ್ನ ಮೂಲಸ್ಥಾನವನ್ನೇ ಅಮೆರಿಕದ ಡೆಲವೇರಿನಿಂದ ಭಾರತಕ್ಕೆ ತಂದುಕೊಂಡಿತು. ಕರಡು ವಿವರವನ್ನು ಮೊದಲು ಗುಟ್ಟಾಗಿ ಸಲ್ಲಿಸುವ ಅವಕಾಶವನ್ನು ಸೆಬಿಯು 2022ರಲ್ಲಿ ಕಲ್ಪಿಸಿತು. ಎರಡು ಕಂಪೆನಿಗಳೂ ಆ ಮಾರ್ಗವನ್ನೇ ಹಿಡಿದವು.

ಖಾಸಗಿ ಪೇಟೆಯ ಬೆಲೆ ಎಷ್ಟರಮಟ್ಟಿಗೆ ನಂಬತಕ್ಕದ್ದು? 2022ರ ಜನವರಿಯಲ್ಲಿ ಇನ್ವೆಸ್ಕೊ ಸಂಸ್ಥೆಯು ಮುಂದಾಗಿ ಹಣ ಹಾಕಿದಾಗ ಸ್ವಿಗ್ಗಿಯ ಬೆಲೆಯು ಸುಮಾರು 1,070 ಕೋಟಿ ಡಾಲರೆಂದಾಯಿತು. ಮರುವರ್ಷ ಅದೇ ಇನ್ವೆಸ್ಕೊ ತನ್ನ ಲೆಕ್ಕದಲ್ಲಿ ಆ ಬೆಲೆಯನ್ನು ಸರಿಸುಮಾರು ಅರ್ಧಕ್ಕಿಳಿಸಿತು. ಅಡಿಗೆಯೂ ಅದೇ, ಹೊರುವವರೂ ಅವರೇ! ಬಾಗಿಲು ಮುಚ್ಚಿ ಕಟ್ಟಿದ ಬೆಲೆಯೆಂದರೆ ಹೀಗೆಯೇ.

ಇನ್ನು ಹಣ ಹೋದ ದಾರಿಯನ್ನು ನೋಡೋಣ. ಸ್ವಿಗ್ಗಿಯ ಹೆಸರಿನಲ್ಲಿ ಕೂಡಿದ ಮೊತ್ತ 11,327 ಕೋಟಿ ರೂಪಾಯಿ. ಇದರಲ್ಲಿ ಕಂಪೆನಿಯ ಬೊಕ್ಕಸಕ್ಕೆಂದು ಹೊರಡಿಸಿದ ಹೊಸ ಶೇರುಗಳ ಪಾಲು 4,499 ಕೋಟಿ ಮಾತ್ರ. ಉಳಿದುದೆಲ್ಲ ತಮ್ಮ ಶೇರುಗಳನ್ನು ಮಾರಿದ ಹಳೆಯ ಪಾಲುದಾರರ ಪಾಲಾಯಿತು. ಮೀಶೋವಿನ 5,421 ಕೋಟಿಯಲ್ಲಾದರೋ 4,250 ಕೋಟಿ ಹೊಸ ಶೇರುಗಳದ್ದು. ಕಷ್ಟಕಾಲದಲ್ಲಿ ಹಣ ಕೊಟ್ಟವರು ಮಾರಿ ಲಾಭ ಪಡೆಯುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಎರಡನ್ನೂ ಮೂಲಧನ ಸಂಗ್ರಹವೆಂಬ ಒಂದೇ ಹೆಸರಿನಿಂದ ಕರೆಯುವುದು ನ್ಯಾಯವೆ?

ನಿಗದಿಯಾದ ಲಾಭವನ್ನು ತೋರಿಸಲಾರದ ಕಂಪೆನಿಯು ನೂರಕ್ಕೆ 75 ಪಾಲನ್ನಾದರೂ ದೊಡ್ಡ ಸಂಸ್ಥೆಗಳಿಗೇ ಮೀಸಲಿಡಬೇಕು; ಸಣ್ಣ ಹೂಡಿಕೆದಾರರಿಗೆ ನೂರಕ್ಕೆ 10ಕ್ಕಿಂತ ಹೆಚ್ಚು ಕೊಡಕೂಡದು. ಸ್ವಿಗ್ಗಿಗೆ 2023-24ರಲ್ಲಿ ಸುಮಾರು 2,350 ಕೋಟಿ ನಷ್ಟವಿದ್ದಿತು. ಈ ನಿಯಮವು ಸಾಮಾನ್ಯನಿಗೆ ಮಾಡಿದ ಅವಮಾನವೆಂದು ವಾದಿಸುವವರುಂಟು. ನಮಗೆ ಆ ವಾದ ಸಮ್ಮತವಲ್ಲ. ಪಿಂಚಣಿಯ ಗಂಟನ್ನು ಕಳೆದುಕೊಂಡ ಗುಮಾಸ್ತನಿಗೆ ಮತ್ತೆ ಗಳಿಸುವ ಪ್ರಾಯ ಎಲ್ಲಿಂದ ಬರಬೇಕು?

ನಮ್ಮ ದೂರು ಬೇರೆಯದು. ಸಿದ್ಧತೆಗಾಗಿ ವಕೀಲರು, ಪರಿಶೋಧಕರು, ಬ್ಯಾಂಕರುಗಳು ತಿಂಗಳುಗಟ್ಟಲೆ ದುಡಿದು ಸಿದ್ಧಪಡಿಸುವ ನೂರಾರು ಪುಟಗಳ ವಿವರಣಪತ್ರವು ಇಂಗ್ಲಿಷಿನಲ್ಲಿದೆ. ಅದರ ಸಾರವನ್ನು ತಿಳಿಸಲು 2024ರ ಅಕ್ಟೋಬರಿನಿಂದ ಸೆಬಿಯು ಕಡ್ಡಾಯಗೊಳಿಸಿದ ಚಲಚ್ಚಿತ್ರವು ಇಂಗ್ಲಿಷ್, ಹಿಂದಿಗಳಿಗೆ ನಿಂತಿತು. ಬೆಂಗಳೂರಿನ ಕಂಪೆನಿಯ ಜಾಹೀರಾತು ಮಾತ್ರ ಕನ್ನಡ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಬೆಲೆ ಕನ್ನಡದಲ್ಲಿ, ಅಪಾಯದ ಪೂರ್ಣ ವಿವರ ಇಂಗ್ಲಿಷಿನಲ್ಲಿ! ಇಷ್ಟು ಹಣವು ಕಂಪೆನಿಗೆ, ಇಷ್ಟು ಮಾರುವವರಿಗೆ, ಮೂರು ವರ್ಷದ ನಷ್ಟವಿಷ್ಟು ಎಂದು ಹತ್ತು ಪುಟಗಳಲ್ಲಿ ಕನ್ನಡದಲ್ಲಿ ಬರೆಸಲು ಎಷ್ಟು ವೆಚ್ಚವಾದೀತು? ಇದಕ್ಕೆ ಮುಂಬಯಿಯ ಅಪ್ಪಣೆಯನ್ನು ಕಾಯಬೇಕಾದುದೂ ಇಲ್ಲ. ಮುಂದಿನ ಸರದಿಯ ಕಂಪೆನಿಗಳು ಅದೇ ರಸ್ತೆಯಲ್ಲಿ ಸಿದ್ಧತೆಯಲ್ಲಿವೆ. ಅವುಗಳ ನಿರ್ದೇಶಕರು ಈ ಒಂದು ಕೆಲಸವನ್ನೂ ಪಟ್ಟಿಗೆ ಸೇರಿಸಿಕೊಳ್ಳಲಿ.